ವಿಕೆಟ್ ಹಿಂದೆ ನಿಂತವರ ಲೆಕ್ಕ

ಧರ್ಮಕೇಂದ್ರದ ಹಬ್ಬಕ್ಕೆ ನಡೆಯುವ ಕ್ರಿಕೆಟ್ ಪಂದ್ಯಕ್ಕೆ ಕಳೆದ ಸಲ ತಂಡ ಆರಿಸಿದ್ದು ನಾನೇ. ನಮ್ಮಲ್ಲಿ ಇಬ್ಬರು ಕೀಪರ್‌ಗಳಿದ್ದರು. ಒಬ್ಬನು ಚೆಂಡು ಬಿಡುವವನೇ ಅಲ್ಲ, ಆದರೆ ಬ್ಯಾಟ್ ಹಿಡಿದರೆ ನಾಲ್ಕು ರನ್ ಕಷ್ಟ. ಇನ್ನೊಬ್ಬನು ಚೆನ್ನಾಗಿ ಹೊಡೆಯುತ್ತಾನೆ. ಹೊಡೆಯುವವನನ್ನೇ ತೆಗೆದುಕೊಂಡೆ. ಅವನು 18 ರನ್ ಹೊಡೆದ, ಎಲ್ಲರೂ ಚಪ್ಪಾಳೆ ತಟ್ಟಿದರು. ನಾವು 9 ರನ್ನಿನಿಂದ ಸೋತೆವು. ಆಮೇಲೆ ಸ್ಕೋರ್ ಪುಸ್ತಕ ನೋಡಿದರೆ ಎದುರಾಳಿಗಳಿಗೆ ಬೈ ರೂಪದಲ್ಲೇ 14 ರನ್ ಹೋಗಿತ್ತು. ಆ 14 ರನ್ ಯಾರ ಹೆಸರಿನ ಮುಂದೆಯೂ ಇರಲಿಲ್ಲ, 'ಇತರೆ' ಎಂಬ ಕಾಲಮ್ಮಿನಲ್ಲಿ ಬಿದ್ದಿತ್ತು.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಯಾರು ಮೇಲು ಎಂದು ಹೇಗೆ ಹೇಳುವುದು?

ಇದನ್ನು ಹೆಚ್ಚು ತಲೆಕೆಡಿಸಿಕೊಂಡು ಯೋಚಿಸಿದವರು ಬೇಸ್‌ಬಾಲ್‌ನವರು. ಆದರೆ ಅದರ ಬೇರು ಕ್ರಿಕೆಟ್‌ನಲ್ಲೇ ಇದೆ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 1824ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಹೆನ್ರಿ ಚಾಡ್ವಿಕ್ ಮೊದಲು ಕ್ರಿಕೆಟ್ ವರದಿಗಾರ. ಕ್ರಿಕೆಟ್ ಸ್ಕೋರ್ ಪಟ್ಟಿಯ ಮಾದರಿಯಲ್ಲೇ ಆತ 1859ರ ಸುಮಾರಿಗೆ ಬೇಸ್‌ಬಾಲ್‌ಗೆ ಅಂಕಪಟ್ಟಿ ಸಿದ್ಧಮಾಡಿದ. ಸುಮಾರು ನೂರಿಪ್ಪತ್ತು ವರ್ಷಗಳ ಬಳಿಕ, ಕ್ಯಾನ್ಸಸ್‌ನ ಒಂದು ಡಬ್ಬಿ ಆಹಾರದ ಕಾರ್ಖಾನೆಯಲ್ಲಿ ರಾತ್ರಿ ಕಾವಲು ಕಾಯುತ್ತಿದ್ದ ಬಿಲ್ ಜೇಮ್ಸ್ ಎಂಬಾತ 1977ರಿಂದ ತನ್ನ ಲೆಕ್ಕಗಳನ್ನು ಪುಸ್ತಕವಾಗಿ ಹೊರತರತೊಡಗಿದ. ಅಂಗಳದಲ್ಲಿ ತಪ್ಪು ಮಾಡಿದವನನ್ನು ಎಣಿಸುತ್ತೀರಿ, ಆದರೆ ಚೆಂಡಿನ ಹತ್ತಿರಕ್ಕೇ ಹೋಗಲಾಗದವನಿಗೆ ತಪ್ಪೇ ಬರೆಯುವುದಿಲ್ಲವಲ್ಲ ಎಂಬುದು ಅವನ ತಕರಾರು. 2001ರಲ್ಲಿ ಬಂದ ಅವನ ದೊಡ್ಡ ಪುಸ್ತಕ ಪ್ರತಿಯೊಂದು ಸ್ಥಾನಕ್ಕೂ ನೂರು ಆಟಗಾರರನ್ನು ಕ್ರಮವಾಗಿ ನಿಲ್ಲಿಸಿತು. ಹೊಡೆತದ ಲೆಕ್ಕ, ಹಿಡಿತದ ಲೆಕ್ಕ ಎರಡನ್ನೂ ಕೂಡಿಸಿ.

ನಮ್ಮ ಪೆರಿಯಕುಳದಲ್ಲಿ ಬೇಸ್‌ಬಾಲ್ ಯಾರು ಆಡುತ್ತಾರೆ ಎಂದು ಕೇಳಬೇಡಿ. ಇಲ್ಲಿ ಬೇಸಿಗೆ ಬಂದರೆ ಊರೆಲ್ಲ ಬಾಸ್ಕೆಟ್‌ಬಾಲ್ ಅಖಿಲ ಭಾರತ ಪಂದ್ಯಾವಳಿ ನೋಡಲು ಸೇರುತ್ತದೆ. ಅಲ್ಲೂ ಬುಟ್ಟಿಗೆ ಹಾಕಿದವನ ಹೆಸರು ಮೈಕಿನಲ್ಲಿ ಬರುತ್ತದೆ, ಎದುರಾಳಿಯನ್ನು ಹಾಕದಂತೆ ತಡೆದವನದು ಬರುವುದಿಲ್ಲ. ಆದರೆ ಈ ಲೆಕ್ಕಕ್ಕೆ ಸರಿಯಾದ ಉದಾಹರಣೆ ಕರ್ನಾಟಕದ ವಿಕೆಟ್ ಕೀಪರ್‌ಗಳು.

ಮೊದಲನೆಯವರು ಬುಧಿ ಕುಂದರನ್. ಮಂಗಳೂರಿನಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಸಿಗುವ ಮೂಲ್ಕಿಯಲ್ಲಿ 1939ರಲ್ಲಿ ಹುಟ್ಟಿದವರು. ಒಂದು ರಣಜಿ ಪಂದ್ಯವನ್ನೂ ಆಡದೆ 1960ರಲ್ಲಿ ಆಸ್ಟ್ರೇಲಿಯಾ ವಿರುದ್ಧ ನೇರವಾಗಿ ಟೆಸ್ಟ್‌ಗೆ ಇಳಿದರು. 1964ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ನಮ್ಮ ಚೆನ್ನೈಯಲ್ಲೇ (ಆಗ ಮದ್ರಾಸು) ಮೊದಲ ದಿನ ಮುಗಿದಾಗ ಔಟಾಗದೆ 170, ಕೊನೆಗೆ 192. ಆ ಸರಣಿಯಲ್ಲಿ ಒಟ್ಟು 525 ರನ್. ಒಬ್ಬ ಕೀಪರ್ ಇದಕ್ಕಿಂತ ಇನ್ನೇನು ಮಾಡಬೇಕು? ಆದರೂ ಅದೇ ವರ್ಷ ಆಸ್ಟ್ರೇಲಿಯಾ ಬಂದಾಗ ಗ್ಲೌಸ್ ಇಂದ್ರಜಿತ್‌ಸಿಂಹಜಿಯ ಕೈಗೆ ಹೋಯಿತು, ನಂತರ ಫಾರೂಕ್ ಎಂಜಿನಿಯರ್ ಕೈಗೆ. 1967ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಕುಂದರನ್ ಕೊನೆಯ ಟೆಸ್ಟ್ ಆಡಿದಾಗ ಕೀಪಿಂಗ್ ಅವರದಲ್ಲ. ಬೇಡಿ, ಚಂದ್ರಶೇಖರ್, ಪ್ರಸನ್ನ, ವೆಂಕಟರಾಘವನ್ ನಾಲ್ವರೂ ಸ್ಪಿನ್ನರ್‌ಗಳೇ ಇದ್ದ ಆ ತಂಡದಲ್ಲಿ ಹೊಸ ಚೆಂಡು ಹಿಡಿಯಲು ಜನವಿಲ್ಲದೆ ಕುಂದರನ್ ಬ್ಯಾಟಿಂಗ್ ಜೊತೆಗೆ ಬೌಲಿಂಗ್‌ನಲ್ಲೂ ಆರಂಭಿಕರಾದರು. ಇದನ್ನು ಓದಿದಾಗ ನನಗೆ ನಗು ಬಂತು, ಸ್ವಲ್ಪ ಬೇಸರವೂ ಆಯಿತು. 18 ಟೆಸ್ಟ್‌ಗಳಲ್ಲಿ 981 ರನ್, ಸರಾಸರಿ 32.70. ಎಂಜಿನಿಯರ್‌ರ ಸರಾಸರಿ 31.08.

ಎರಡನೆಯವರು ಸೈಯದ್ ಕಿರ್ಮಾನಿ. 1971ರಲ್ಲೂ 1974ರಲ್ಲೂ ಇಂಗ್ಲೆಂಡಿಗೆ ಹೋಗಿ ಎಂಜಿನಿಯರ್ ಹಿಂದೆ ಕಾದು ಕುಳಿತವರು. 1976ರಲ್ಲಿ ಅವಕಾಶ ಸಿಕ್ಕಿತು. ತಮ್ಮ ಎರಡನೇ ಟೆಸ್ಟ್‌ನಲ್ಲೇ, ಕ್ರೈಸ್ಟ್‌ಚರ್ಚ್‌ನಲ್ಲಿ, ಒಂದೇ ಇನಿಂಗ್ಸ್‌ನಲ್ಲಿ ಆರು ಮಂದಿಯನ್ನು ಬಲಿ ತೆಗೆದುಕೊಂಡರು. ಚಂದ್ರಶೇಖರ್ ಎಸೆತ ಎತ್ತ ತಿರುಗುತ್ತದೋ ಬ್ಯಾಟ್ಸ್‌ಮನ್‌ಗೂ ಗೊತ್ತಾಗುತ್ತಿರಲಿಲ್ಲ. ಕರ್ನಾಟಕಕ್ಕೂ ಭಾರತಕ್ಕೂ ಅದನ್ನು ಹಿಡಿದವರು ಇವರು. ಆದರೂ 1979ರ ವಿಶ್ವಕಪ್ ಮತ್ತು ಇಂಗ್ಲೆಂಡ್ ಪ್ರವಾಸಕ್ಕೆ ಅವರನ್ನು ಕೈಬಿಟ್ಟರು. ವಾಪಸ್ ಬಂದು ಅದೇ ವರ್ಷ ಮುಂಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ ರಾತ್ರಿ ಕಾವಲುಗಾರನಾಗಿ ಇಳಿದು ಔಟಾಗದೆ 101 ಹೊಡೆದರು. 1981-82ರಲ್ಲಿ ಇಂಗ್ಲೆಂಡ್ ವಿರುದ್ಧ ಸತತ ಮೂರು ಟೆಸ್ಟ್‌ಗಳಲ್ಲಿ ಒಂದೇ ಒಂದು ಬೈ ಕೊಡಲಿಲ್ಲ. ನಮ್ಮ 14 ಬೈ ನೆನಪಾಗಿ ಇದನ್ನು ಎರಡು ಸಲ ಓದಿದೆ.

ಈಗ ಲೆಕ್ಕಕ್ಕೆ ಬರೋಣ. ಕಿರ್ಮಾನಿ 88 ಟೆಸ್ಟ್‌ಗಳಲ್ಲಿ 160 ಕ್ಯಾಚ್, 38 ಸ್ಟಂಪಿಂಗ್, ಒಟ್ಟು 198. ಅಂದರೆ ಪಂದ್ಯಕ್ಕೆ 2.25. ಎಂಜಿನಿಯರ್ 46 ಟೆಸ್ಟ್‌ಗಳಲ್ಲಿ 82, ಪಂದ್ಯಕ್ಕೆ 1.78. ವ್ಯತ್ಯಾಸ 0.47. ಒಂದು ಟೆಸ್ಟ್ ವಿಕೆಟ್‌ನ ಬೆಲೆ ಎಷ್ಟು? ಚಂದ್ರಶೇಖರ್ ಒಂದು ವಿಕೆಟ್‌ಗೆ 29.74 ರನ್ ಕೊಟ್ಟರು, ಪ್ರಸನ್ನ 30.38. ಹಾಗಾಗಿ 30 ಎಂದಿಟ್ಟುಕೊಳ್ಳಿ. 0.47ನ್ನು 30ರಿಂದ ಗುಣಿಸಿದರೆ ಪಂದ್ಯಕ್ಕೆ 14 ರನ್ ಕಿರ್ಮಾನಿ ಕಡೆಗೆ. ಬ್ಯಾಟಿಂಗ್‌ನಲ್ಲಿ ಅವರ ಸರಾಸರಿ 27.04, ಎಂಜಿನಿಯರ್‌ಗಿಂತ ನಾಲ್ಕು ಕಡಿಮೆ. ಎರಡು ಇನಿಂಗ್ಸ್‌ಗೆ 8 ರನ್ ಎಂಜಿನಿಯರ್ ಕಡೆಗೆ. ಕಿರ್ಮಾನಿ 6 ರನ್ ಮೇಲು.

ಆದರೆ ಬಿಎಸ್ಸಿ ಓದಿದವನು ಇಲ್ಲಿಗೆ ನಿಲ್ಲಿಸಿದರೆ ನಮ್ಮ ಮೇಷ್ಟ್ರು ಬೈಯುತ್ತಾರೆ. ಕ್ಯಾಚ್ ಹಿಡಿಯಬೇಕಾದರೆ ಯಾರಾದರೂ ಬ್ಯಾಟಿನ ಅಂಚಿಗೆ ತಾಗಿಸಬೇಕು. ಎಂಜಿನಿಯರ್ ಕಾಲದಲ್ಲಿ ಸ್ಪಿನ್ನರ್‌ಗಳದೇ ರಾಜ್ಯ, ಕಿರ್ಮಾನಿಗೆ 1978ರಿಂದ ಕಪಿಲ್ ದೇವ್ ಸಿಕ್ಕರು. ಆ 0.47ರಲ್ಲಿ ಕಪಿಲ್ ಪಾಲೆಷ್ಟು, ಕಿರ್ಮಾನಿ ಪಾಲೆಷ್ಟು ಎಂದು ಬಿಡಿಸಲು ಈ ಅಂಕಿಗಳಿಂದ ಆಗುವುದಿಲ್ಲ. ಕುಂದರನ್ ಅವರದ್ದಂತೂ ಇನ್ನೂ ಕಷ್ಟ. 30 ಬಲಿ ಇದೆ, ಆದರೆ 18 ಟೆಸ್ಟ್‌ಗಳಲ್ಲೂ ಅವರು ಕೀಪರ್ ಆಗಿರಲಿಲ್ಲ. ಭಾಗಿಸುವುದು ಯಾವುದರಿಂದ ಎಂದು ತಿಳಿಯದೆ ಭಾಗಿಸಿದರೆ ಬರುವುದು ಸುಳ್ಳು ಉತ್ತರ.

ಏಕದಿನ ಪಂದ್ಯದಲ್ಲಿ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. 50 ಓವರಿನ ಆಟದಲ್ಲಿ ಕೀಪರ್ ಬ್ಯಾಟ್ಸ್‌ಮನ್ ಆಗಿದ್ದರೆ ತಂಡಕ್ಕೆ ಒಬ್ಬ ಹೆಚ್ಚುವರಿ ಆಟಗಾರ ಸಿಕ್ಕಂತೆ. 1999ರ ವಿಶ್ವಕಪ್‌ನಲ್ಲಿ ಟೌಂಟನ್‌ನಲ್ಲಿ ರಾಹುಲ್ ದ್ರಾವಿಡ್ ಶ್ರೀಲಂಕಾ ವಿರುದ್ಧ 145 ಹೊಡೆದು, ಅದೇ ದಿನ ಗ್ಲೌಸ್ ಕೂಡ ತೊಟ್ಟರು. 2003ರ ವಿಶ್ವಕಪ್ ಪೂರ್ತಿ ಅವರೇ ಕೀಪರ್: 318 ರನ್, 16 ಬಲಿ. ಇಪ್ಪತ್ತು ವರ್ಷದ ಮೇಲೆ 2023ರಲ್ಲಿ ಇನ್ನೊಬ್ಬ ಕನ್ನಡಿಗ ಕೆ.ಎಲ್. ರಾಹುಲ್: 452 ರನ್, 17 ಬಲಿ. ಇಬ್ಬರೂ ಫೈನಲ್‌ನಲ್ಲಿ ಸೋತರು, ಆಸ್ಟ್ರೇಲಿಯಾಕ್ಕೇ.

ನನ್ನ ಪಟ್ಟಿ ಕೇಳಿದರೆ, ಟೆಸ್ಟ್‌ಗೆ ಕಿರ್ಮಾನಿ ಮೊದಲು, ಕುಂದರನ್ ನಂತರ. ಏಕದಿನಕ್ಕೆ ರಾಹುಲ್ ಮೊದಲು, ಕೂದಲೆಳೆಯಲ್ಲಿ ದ್ರಾವಿಡ್ ಹಿಂದೆ. ನಮ್ಮ ಅಪ್ಪ ಒಪ್ಪುವುದಿಲ್ಲ. 1983ರಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ 175 ಹೊಡೆದಾಗ ಇನ್ನೊಂದು ತುದಿಯಲ್ಲಿ ಔಟಾಗದೆ 24 ರನ್ ಮಾಡಿ ನಿಂತಿದ್ದವರು ಯಾರು ಎಂದು ಕೇಳುತ್ತಾರೆ. ಆ 126 ರನ್ನಿನ ಮುರಿಯದ ಒಂಬತ್ತನೇ ವಿಕೆಟ್ ಜೊತೆಯಾಟಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಫಾದರ್ ಹತ್ತಿರ ಹೇಳಿದರೆ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯ ಓದು ಎಂದರು. ಕಣ್ಣು, ಕೈ, ಕಾಲು, ಕಿವಿ ಎಲ್ಲ ಅದರಲ್ಲಿವೆ. ಆ ಅಂಗಗಳಲ್ಲಿ ಯಾವುದು ಮೊದಲು ಎಂಬ ಪಟ್ಟಿ ಮಾತ್ರ ಇಲ್ಲ ಎಂದು ನಕ್ಕರು.

ಈ ವರ್ಷ ಸ್ಕೋರ್ ಪುಸ್ತಕದಲ್ಲಿ ಸ್ಕೇಲಿಟ್ಟು ಒಂದು ಹೊಸ ಕಾಲಮ್ ಗೀಚಿದ್ದೇನೆ: ಕೀಪರ್ ಹೆಸರು, ಬಿಟ್ಟ ಬೈ, ಹಿಡಿದದ್ದು, ಕೈಬಿಟ್ಟದ್ದು. ಹಿಂದಿನ ಭಾನುವಾರ ಪೂಜೆ ಮುಗಿದ ಮೇಲೆ ಆ ಹುಡುಗನ ಮನೆಗೆ ಹೋಗಿ ಕಳೆದ ವರ್ಷದ್ದಕ್ಕೆ ಕ್ಷಮೆ ಕೇಳಿದೆ. ಗ್ಲೌಸ್ ಹರಿದಿದೆ, ಹೊಸದು ಕೊಡಿಸಿದರೆ ಬರುತ್ತೇನೆ ಅಂದ.