ನಡೆಯದೇ ಹೋದ ಕಾಳಗಗಳು

ಮುಷ್ಟಿಯುದ್ಧದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಡೆದ ಕಾಳಗಗಳನ್ನೇ ವರ್ಣಿಸುತ್ತಾರೆ. ಯಾರು ಯಾರನ್ನು ಎಷ್ಟನೆಯ ಸುತ್ತಿನಲ್ಲಿ ಕೆಡವಿದರು ಎಂಬುದೇ ಅದರ ತಿರುಳು. ಆದರೆ ಜನ ವರ್ಷಗಟ್ಟಲೆ ಕಾದು, ಪತ್ರಿಕೆಗಳು ಪುಟಗಟ್ಟಲೆ ಬರೆದು, ಕೊನೆಗೂ ನಡೆಯದೇ ಹೋದ ಕಾಳಗಗಳು ಈ ಆಟದಲ್ಲಿ ಬೇಕಾದಷ್ಟಿವೆ. ಅಂಥ ಪ್ರತಿಯೊಂದು ಸಂದರ್ಭದಲ್ಲೂ ಜನ ಆಡುವ ಮಾತು ಒಂದೇ: “ಅವನು ಹೆದರಿಬಿಟ್ಟ.” ಈ ಮಾತಿನಲ್ಲಿ ಎಷ್ಟು ನಿಜವಿದೆ ಎಂದು ನೋಡೋಣ.

ಕ್ರಿಕೆಟ್ಟಿನಲ್ಲಾಗಲಿ ಹಾಕಿಯಲ್ಲಾಗಲಿ, ಯಾರು ಯಾರೊಡನೆ ಆಡಬೇಕೆಂದು ಗೊತ್ತುಮಾಡಲು ಮಂಡಲಿಗಳಿವೆ. ನಮ್ಮ ಮೈಸೂರು ದಸರಾ ಕುಸ್ತಿಯಲ್ಲೂ ಪಂದ್ಯಕ್ಕೆ ಮೊದಲು ಪೈಲ್ವಾನರ ಜೋಡಿ ಕಟ್ಟುವ ಕ್ರಮವುಂಟು. ವೃತ್ತಿಪರ ಮುಷ್ಟಿಯುದ್ಧದಲ್ಲಿ ಹಾಗೆ ಜೋಡಿ ಕಟ್ಟುವ ಒಬ್ಬ ಯಜಮಾನನಿಲ್ಲ. ಇಬ್ಬರು ಮಲ್ಲರು, ಅವರ ಮ್ಯಾನೇಜರುಗಳು, ಹಣ ಹೂಡುವ ಪ್ರೊಮೋಟರು, ಪರವಾನಗಿ ಕೊಡುವ ಕಮಿಷನ್ನು, ಎಲ್ಲರೂ ಒಪ್ಪಬೇಕು. ಒಬ್ಬರು ತಲೆಯಾಡಿಸದಿದ್ದರೂ ಪಂದ್ಯವಿಲ್ಲ. ಐದಾರು ಮೇಜುಗಳ ಮೇಲೆ ರುಜು ಬೀಳಬೇಕಾದ ಕಡತದ ಗತಿ ಏನಾಗುತ್ತದೆಂದು ಸರ್ಕಾರಿ ನೌಕರನಾದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ!

ಇದಕ್ಕೆ ಅತ್ಯುತ್ತಮ ಉದಾಹರಣೆ ಜ್ಯಾಕ್ ಡೆಂಪ್ಸಿ ಮತ್ತು ಹ್ಯಾರಿ ವಿಲ್ಸ್ ಅವರದು. 1908ರಲ್ಲಿ ಜ್ಯಾಕ್ ಜಾನ್ಸನ್ ಹೆವಿವೇಯ್ಟ್ ವಿಶ್ವ ಚಾಂಪಿಯನ್ ಆದ. ಆ ಪಟ್ಟವೇರಿದ ಕಪ್ಪು ಜನಾಂಗದ ಮೊದಲಿಗ ಅವನೇ. 1910ರ ಜುಲೈ 4ರಂದು ರೆನೊ ನಗರದಲ್ಲಿ ಅವನು ಬಿಳಿಯರ ಆಶಾಕಿರಣವಾಗಿದ್ದ ಜೆಫ್ರೀಸ್‌ನನ್ನು ಸೋಲಿಸಿದಾಗ ಅಮೆರಿಕದ ಅನೇಕ ಊರುಗಳಲ್ಲಿ ಗಲಭೆಗಳಾಗಿ ಜೀವಹಾನಿಯಾಯಿತು. ಆ ಪಂದ್ಯವನ್ನು ಏರ್ಪಡಿಸಿದವನು ಟೆಕ್ಸ್ ರಿಕರ್ಡ್ ಎಂಬ ಪ್ರೊಮೋಟರು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. 1915ರಲ್ಲಿ ಜಾನ್ಸನ್ ಸೋತಮೇಲೆ ಪಟ್ಟ ಬಿಳಿಯರ ಕೈಗೆ ಮರಳಿತು.

1919ರಲ್ಲಿ ಡೆಂಪ್ಸಿ ಚಾಂಪಿಯನ್ ಆದಾಗ ಅವನಿಗೆ ಸರಿಜೋಡಿ ಎನಿಸಿಕೊಂಡವನು ನ್ಯೂ ಆರ್ಲಿಯನ್ಸ್‌ನ ಹ್ಯಾರಿ ವಿಲ್ಸ್. ಆಗ ಅವನಿಗೆ ಮೂವತ್ತು ವರ್ಷ. ಪಟ್ಟಕ್ಕೆ ಅವಕಾಶ ಸಿಗದ ಕಪ್ಪು ಮಲ್ಲರು ತಮ್ಮತಮ್ಮಲ್ಲೇ ಮತ್ತೆಮತ್ತೆ ಕಾದಾಡಬೇಕಾಗಿದ್ದ ಕಾಲ ಅದು. ವಿಲ್ಸ್ ಮತ್ತು ಸ್ಯಾಮ್ ಲ್ಯಾಂಗ್‌ಫರ್ಡ್ ಪರಸ್ಪರ ಹದಿನೈದಕ್ಕೂ ಹೆಚ್ಚು ಬಾರಿ ಸೆಣಸಿದರೆಂದರೆ ಪರಿಸ್ಥಿತಿ ಅರ್ಥವಾದೀತು.

ಡೆಂಪ್ಸಿ ಮೊದಲು ಕಪ್ಪು ಜನಾಂಗದವರೊಡನೆ ತಾನು ಆಡುವುದಿಲ್ಲವೆಂದು ಸಾರಿದ. ಆಮೇಲೆ ಮನಸ್ಸು ಬದಲಿಸಿ, 1922ರಲ್ಲಿ ವಿಲ್ಸ್‌ನೊಡನೆ ಒಪ್ಪಂದಕ್ಕೆ ರುಜು ಹಾಕಿದ. ಆದರೆ ಆ ಒಪ್ಪಂದದಲ್ಲಿ ತಾರೀಖೂ ಇರಲಿಲ್ಲ, ಪ್ರೊಮೋಟರೂ ಇರಲಿಲ್ಲ! ರೆನೊದ ತರುವಾಯದ ಗಲಭೆಗಳನ್ನು ಕಂಡಿದ್ದ ರಿಕರ್ಡನಿಗೆ ಅಂಥ ಪಂದ್ಯಕ್ಕೆ ಮತ್ತೆ ಕೈಹಾಕುವ ಮನಸ್ಸಿರಲಿಲ್ಲ, ಅಗತ್ಯವೂ ಇರಲಿಲ್ಲ. 1921ರಲ್ಲಿ ಫ್ರಾನ್ಸಿನ ಕಾರ್ಪಾಂತಿಯೆಯೊಡನೆ ಡೆಂಪ್ಸಿಯನ್ನು ಆಡಿಸಿ ಅವನು ಹದಿನೇಳು ಲಕ್ಷ ಡಾಲರಿಗೂ ಮಿಕ್ಕಿದ ಟಿಕೆಟ್ ಹಣ ಎತ್ತಿದ್ದ. ಸುಲಭದ ದಾರಿಯಲ್ಲೇ ಇಷ್ಟು ಸಂಪಾದನೆಯಿರುವಾಗ ಕಷ್ಟದ ದಾರಿ ಯಾರಿಗೆ ಬೇಕು?

1925ರಲ್ಲಿ ಇನ್ನೊಬ್ಬ ಪ್ರೊಮೋಟರು ಮುಂದೆ ಬಂದ. ವಿಲ್ಸ್‌ನ ಕೈಗೆ ಐವತ್ತು ಸಾವಿರ ಡಾಲರ್ ಮುಂಗಡವೇನೋ ಸೇರಿತು. ಡೆಂಪ್ಸಿಗೆ ಹೇಳಿದ್ದ ಹಣ ಮಾತ್ರ ಬರಲಿಲ್ಲ, ಮಾತು ಮುರಿದುಬಿತ್ತು. ಇತ್ತ ನ್ಯೂಯಾರ್ಕಿನ ಅಥ್ಲೆಟಿಕ್ ಕಮಿಷನ್ನು, ಮೊದಲು ವಿಲ್ಸ್‌ನೊಡನೆ ಆಡಬೇಕೆಂದು ಡೆಂಪ್ಸಿಯ ಮೇಲೆ ಪಟ್ಟುಹಿಡಿದಿತ್ತು. ರಿಕರ್ಡ್ ಅದಕ್ಕೂ ಉಪಾಯ ಕಂಡುಕೊಂಡ. 1926ರ ಸೆಪ್ಟೆಂಬರಿನಲ್ಲಿ ಜೀನ್ ಟನ್ನಿಯೊಡನೆ ಡೆಂಪ್ಸಿಯ ಪಂದ್ಯವನ್ನು ಫಿಲಡೆಲ್ಫಿಯಾದಲ್ಲಿ ನಡೆಸಿಬಿಟ್ಟ. ಒಂದು ಲಕ್ಷ ಇಪ್ಪತ್ತು ಸಾವಿರ ಜನರೆದುರು ಡೆಂಪ್ಸಿ ಪಟ್ಟ ಕಳೆದುಕೊಂಡ. ಮರುತಿಂಗಳೇ ವಿಲ್ಸ್, ಜ್ಯಾಕ್ ಶಾರ್ಕಿಯ ಎದುರು ಸೋತ. ಆ ಹೊತ್ತಿಗೆ ಅವನ ವಯಸ್ಸು ಮೂವತ್ತೇಳು. ಇನ್ನಾರು ಕೇಳುತ್ತಾರೆ? ಕಪ್ಪು ಜನಾಂಗದ ಇನ್ನೊಬ್ಬ ಹೆವಿವೇಯ್ಟ್ ಚಾಂಪಿಯನ್‌ನನ್ನು ಕಾಣಲು ಲೋಕ 1937ರಲ್ಲಿ ಜೋ ಲೂಯಿಸ್ ಬರುವವರೆಗೆ ಕಾಯಬೇಕಾಯಿತು.

ಹಾಗಾದರೆ ಡೆಂಪ್ಸಿ ಹೆದರಿದನೇ? 1923ರಲ್ಲಿ ಅರ್ಜೆಂಟೀನಾದ ಫಿರ್ಪೊ ಅವನನ್ನು ಹಗ್ಗಗಳ ನಡುವಿನಿಂದ ಅಖಾಡದ ಹೊರಕ್ಕೇ ಎಸೆದಾಗ, ಮೇಲೆದ್ದು ಬಂದು ಎರಡನೆಯ ಸುತ್ತಿನಲ್ಲೇ ಗೆದ್ದವನು ಅವನು. ಅಂಥವನನ್ನು ಹೇಡಿಯೆನ್ನಲಾಗದು. ಆದರೆ ವರ್ಣಭೇದದ ಸಮಾಜ ಕಟ್ಟಿಕೊಟ್ಟ ಆಶ್ರಯದಲ್ಲಿ ಅವನು ಸುಖವಾಗಿದ್ದನೆಂಬುದೂ ಅಷ್ಟೇ ನಿಜ.

ಎಲ್ಲ ಕಡೆಯೂ ತಡೆ ಇಂಥದೇ ಅಲ್ಲ. ಮುಹಮ್ಮದ್ ಅಲಿಯನ್ನು ನಮ್ಮವರೂ ಕಂಡಿದ್ದಾರೆ. 1980ರಲ್ಲಿ ಮದರಾಸಿನ ನೆಹರೂ ಸ್ಟೇಡಿಯಂನಲ್ಲಿ ಜಿಮ್ಮಿ ಎಲ್ಲಿಸ್‌ನೊಡನೆ ಪ್ರದರ್ಶನ ಪಂದ್ಯ ಆಡಿದ್ದ. 1972, 1976, 1980ರ ಮೂರು ಒಲಿಂಪಿಕ್ಸ್‌ಗಳಲ್ಲೂ ಚಿನ್ನ ಗೆದ್ದ ಕ್ಯೂಬಾದ ತಿಯೋಫಿಲೊ ಸ್ಟೀವನ್‌ಸನ್‌ಗೂ ಅಲಿಗೂ ಕಾಳಗವಾಗಬೇಕೆಂದು ಲೋಕವೇ ಬಯಸಿತ್ತು. ಆದರೆ ಕ್ಯೂಬಾದಲ್ಲಿ ಆಗ ವೃತ್ತಿಪರ ಕ್ರೀಡೆಗೆ ನಿಷೇಧವಿತ್ತು. ಹತ್ತು ಲಕ್ಷ ಡಾಲರಿನ ಆಸೆಗೂ ಸ್ಟೀವನ್‌ಸನ್ ತಾಯ್ನಾಡು ಬಿಡಲಿಲ್ಲ. ಇಲ್ಲಿ ಅಡ್ಡ ಬಂದದ್ದು ರಾಜಕೀಯ ವ್ಯವಸ್ಥೆ.

ಲೆನಾಕ್ಸ್ ಲೂಯಿಸ್ ಮತ್ತು ರಿಡಿಕ್ ಬೋ ಅವರಿಗೆ ಅಡ್ಡ ಬಂದದ್ದು ಬರಿಯ ವ್ಯವಹಾರ. 1988ರ ಸಿಯೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಲೂಯಿಸ್ ಬೋನನ್ನು ಸೋಲಿಸಿದ್ದ. 1992ರಲ್ಲಿ ಬೋ ವೃತ್ತಿಪರ ಚಾಂಪಿಯನ್ ಆದಾಗ ಲೂಯಿಸ್‌ನೊಡನೆ ಆಡಬೇಕಾಗಿತ್ತು. ಹಣದ ಪಾಲಿನಲ್ಲಿ ಒಮ್ಮತ ಬರಲಿಲ್ಲ. ಕೊನೆಗೆ ಬೋ, ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ಕೊಟ್ಟ ಬೆಲ್ಟನ್ನು ಲಂಡನ್ನಿನಲ್ಲಿ ಪತ್ರಕರ್ತರ ಮುಂದೆ ಕಸದ ಬುಟ್ಟಿಗೆ ಹಾಕಿಬಿಟ್ಟ! ವೃತ್ತಿ ಅಖಾಡದಲ್ಲಿ ಅವರಿಬ್ಬರೂ ಎದುರುಬದುರಾಗಲೇ ಇಲ್ಲ. ಇನ್ನು 2009ರಲ್ಲಿ ಮಾತುಕತೆ ಆರಂಭವಾಗಿ, ರಕ್ತಪರೀಕ್ಷೆಯ ಜಗಳದಲ್ಲಿ ನಿಂತುಹೋದ ಮೇವೆದರ್ ಮತ್ತು ಪ್ಯಾಕಿಯಾವೊ ಕಾಳಗ 2015ರಲ್ಲಿ ನಡೆಯಿತು. ಅಷ್ಟರಲ್ಲಿ ಒಬ್ಬನಿಗೆ 38, ಇನ್ನೊಬ್ಬನಿಗೆ 36. ಹಣದ ಹೊಳೆ ಹರಿಯಿತು. ಹಸಿವು ಮುಗಿದಮೇಲೆ ಎಲೆ ಹಾಕಿದಂತಾಯಿತು.

ಈ ಎಲ್ಲ ಕಥೆಗಳಿಂದ ತಿಳಿಯುವುದಿಷ್ಟು: ಪಂದ್ಯ ತಪ್ಪುವುದು ಅಖಾಡದಲ್ಲಲ್ಲ, ಅಖಾಡದ ಹೊರಗೆ. ತಡವಾದಷ್ಟೂ ಪಟ್ಟ ಹೊತ್ತವನಿಗೆ ನಷ್ಟ ಕಡಿಮೆ. ಆ ಹೊತ್ತಿನಲ್ಲಿ ಬೇರೆಯವರೊಡನೆ ಆಡಿ ಅವನು ಗಳಿಸಬಲ್ಲ. ಕೆಳಗೆ ನಿಂತವನಿಗೆ ಇರುವ ಬಂಡವಾಳ ವಯಸ್ಸೊಂದೇ; ಅದು ಕರಗುತ್ತಲೇ ಇರುತ್ತದೆ. ವಿಲ್ಸ್‌ಗೆ ಯಾರೂ ನೇರವಾಗಿ “ಆಗುವುದಿಲ್ಲ” ಎನ್ನಲಿಲ್ಲ. “ನೋಡೋಣ” ಎಂದರು, ಏಳು ವರ್ಷ. ಅವನು 1958ರಲ್ಲಿ ತೀರಿಕೊಂಡ. ಗೆಲ್ಲುತ್ತಿದ್ದನೋ ಸೋಲುತ್ತಿದ್ದನೋ, ಆ ಪ್ರಶ್ನೆಗೆ ಇಂದಿಗೂ ಉತ್ತರವಿಲ್ಲ. ಸೋಲುವ ಹಕ್ಕನ್ನೂ ಅವನಿಗೆ ಕೊಡಲಿಲ್ಲವೆಂಬುದು ಮಾತ್ರ ಚರಿತ್ರೆಯಲ್ಲಿ ದಾಖಲಾಗಿದೆ.