ಹಂಡೆಯೊಲೆಯ ಕಾವಲು ಈಗ ಹಸಿರು ಬೋರ್ಡಿಗೆ

ಶಿವಮೊಗ್ಗದಲ್ಲಿ ಒಂದು ಹೊಸಮನೆ, ಪಕ್ಕದ ಭದ್ರಾವತಿಯಲ್ಲೂ ಒಂದು ಹೊಸಮನೆ. ಹೆಸರು ಹೊಸದಾದರೂ ಮಲೆನಾಡಿನ ಸೆರಗಿನ ಈ ಊರುಗಳ ಸ್ನಾನದ ಪದ್ಧತಿ ಬಹಳ ಹಳೆಯದು. ಬಚ್ಚಲೊಲೆ, ಅದರ ಮೇಲೆ ಗಾರೆಯಲ್ಲಿ ಕೂರಿಸಿದ ತಾಮ್ರದ ಹಂಡೆ, ಕೆಳಗೆ ಸೌದೆಯೋ ಅಡಿಕೆ ಸಿಪ್ಪೆಯೋ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ತೊಳೆದು ನೀರು ತುಂಬುವುದೇ ಒಂದು ಹಬ್ಬ!

ಆ ಒಲೆಯ ಮುಂದೆ ಕೂತವರಿಗೆ ಮೂರು ಕೆಲಸ. ಕೈ ಅದ್ದಿ ಬಿಸಿ ನೋಡುವುದು, ಹಂಡೆಯಲ್ಲಿ ನೀರಿದೆಯೇ ಎಂದು ಗಮನಿಸುವುದು, ಸಾಕೆನಿಸಿದಾಗ ಕೊಳ್ಳಿಯನ್ನು ಹಿಂದಕ್ಕೆಳೆಯುವುದು. ಇಂದು ರೆಸಾರ್ಟುಗಳಲ್ಲಿ ಕಾಣಸಿಗುವ ಬಿಸಿನೀರಿನ ತೊಟ್ಟಿ, ಅಂದರೆ 'ಹಾಟ್ ಟಬ್', ಕೆಟ್ಟು ನಿಂತಾಗ ಮೆಕ್ಯಾನಿಕ್ ಹುಡುಕುವುದೂ ಈ ಮೂರರಲ್ಲಿ ಯಾವುದು ತಪ್ಪಿತು ಎಂಬುದನ್ನೇ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆಗೂ ಇದ್ದಿಲೇ ಆಧಾರ. ಬಚ್ಚಲಿಗೂ ಕಾಡು, ಕಾರ್ಖಾನೆಗೂ ಕಾಡು. 1948ರಲ್ಲಿ ಜೋಗದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. 1952ರ ಹೊತ್ತಿಗೆ ಅಲ್ಲಿನ ಸಾಮರ್ಥ್ಯ 120 ಮೆಗಾವಾಟ್. ಆದರೆ ಬಚ್ಚಲಿನ ಬೆಂಕಿಯ ಜಾಗಕ್ಕೆ ಕರೆಂಟು ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಗೀಸರ್ ಎಂಬ ಹೆಸರು ಐಸ್‌ಲೆಂಡಿನ ಬಿಸಿನೀರ ಬುಗ್ಗೆಯದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮೌನ್ ತನ್ನ ಅನಿಲದ ನೀರೊಲೆಗೆ ಅದನ್ನಿಟ್ಟ. ಕೊಳ್ಳಿ ಎಳೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ್ದು ಮಾತ್ರ ಥರ್ಮೋಸ್ಟಾಟ್. ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಜೋಡಿಸಿದರೆ ಪಟ್ಟಿ ಬಾಗುತ್ತದೆ. ಆಂಡ್ರ್ಯೂ ಯೂರ್ ಎಂಬ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ 1830ರಲ್ಲಿ ಈ ಗುಣವನ್ನೇ ಹಿಡಿದು ಆ ಸಾಧನಕ್ಕೆ ಹೆಸರು ಕೊಟ್ಟ. ಮನೆಯ ಗೀಸರಿನಲ್ಲಿ 'ಟಕ್' ಎಂದು ಕೇಳುವ ಸದ್ದು ಇದೇ ಜಾಣ್ಮೆಯ ಸಂತಾನ.

ತೊಟ್ಟಿಯ ಕಥೆ ಒಬ್ಬ ತಂದೆಯದು. ಇಟಲಿಯಿಂದ ಕ್ಯಾಲಿಫೋರ್ನಿಯಕ್ಕೆ ಹೋಗಿ ಪಂಪು ತಯಾರಿಸುತ್ತಿದ್ದ ಜಕೂಝಿ ಸಹೋದರರಲ್ಲಿ ಕ್ಯಾಂಡಿಡೊ ಎಂಬಾತನ ಮಗನಿಗೆ ಎಳವೆಯಲ್ಲೇ ಸಂಧಿವಾತ. ಆ ಮಗುವಿನ ನೋವಿಗಾಗಿ ರೂಪುಗೊಂಡ ಪುಟ್ಟ ಪಂಪು 1956ರಲ್ಲಿ ಮಾರುಕಟ್ಟೆಗೆ ಬಂತು. 1968ರಲ್ಲಿ ಅದೇ ಕುಟುಂಬದ ರಾಯ್ ಜಕೂಝಿ ಪಂಪನ್ನು ತೊಟ್ಟಿಯೊಳಗೇ ಅಡಗಿಸಿದ. ಔಷಧಿ ವಿಲಾಸವಾದದ್ದು ಆಮೇಲೆ.

ಒಲೆಯ ಮುಂದೆ ಕೂತವರ ಕೆಲಸ ಈ ತೊಟ್ಟಿಯಲ್ಲಿ ಅಂಗೈಯಗಲದ ಹಸಿರು ಬೋರ್ಡಿನದು. ಥರ್ಮಿಸ್ಟರ್ ಕೈಬೆರಳು, ನೀರು ಹರಿಯುತ್ತಿದೆಯೇ ಎಂದು ಹೇಳುವ ಫ್ಲೋ ಸ್ವಿಚ್ಚು ಕಣ್ಣು, ರಿಲೇ ಕೊಳ್ಳಿ ಎಳೆಯುವ ಕೈ.

ಬೋರ್ಡಿನದೇ ತಪ್ಪೇ?

'ನೀರು ಕಾಯುತ್ತಿಲ್ಲ' ಎಂಬ ದೂರಿಗೆ ಮೊದಲ ಉತ್ತರ ಬೋರ್ಡಿನಲ್ಲಿಲ್ಲ, ಲೆಕ್ಕದಲ್ಲಿದೆ. 15 ಲೀಟರಿನ ಗೀಸರ್ 2 ಕಿಲೋವಾಟ್ ಕಾಯಿಲ್‌ನಿಂದ 30 ಡಿಗ್ರಿ ಏರಲು ಸುಮಾರು 16 ನಿಮಿಷ ಸಾಕು. 1000 ಲೀಟರಿನ ತೊಟ್ಟಿಗೆ 3 ಕಿಲೋವಾಟ್ ಕೊಟ್ಟರೂ ಒಂದೇ ಒಂದು ಡಿಗ್ರಿ ಏರಲು 23 ನಿಮಿಷ ಬೇಕು. 25ರಿಂದ 40 ಡಿಗ್ರಿಗೆ ತರಲು ಹೆಚ್ಚುಕಡಿಮೆ ಆರು ಗಂಟೆ. ಸಂಜೆ ಬಂದ ಅತಿಥಿಗೆ ಸಂಜೆಯೇ ಸ್ನಾನವೆಂದರೆ ಬೋರ್ಡು ಏನು ಮಾಡೀತು?

ಎರಡನೆಯದು ಫಿಲ್ಟರು. ಅದು ಕಟ್ಟಿಕೊಂಡರೆ ನೀರಿನ ಹರಿವು ಕುಗ್ಗುತ್ತದೆ, ಫ್ಲೋ ಸ್ವಿಚ್ಚು ಅನುಮತಿ ಕೊಡುವುದಿಲ್ಲ, ಬೋರ್ಡು ಹೀಟರನ್ನು ಹಚ್ಚುವುದಿಲ್ಲ. ಒಣಹಂಡೆಗೆ ಬೆಂಕಿ ಹಾಕಬಾರದೆಂಬ ಅಜ್ಜಿಯ ಎಚ್ಚರಿಕೆಯೇ ಇದು. ಫಿಲ್ಟರು ತೊಳೆದರೆ ಮುಗಿಯುವ ಕೆಲಸಕ್ಕೆ ಸಾವಿರಾರು ರೂಪಾಯಿಯ ಬೋರ್ಡು ಬದಲಿಸುವುದು ದುಂದಲ್ಲದೆ ಮತ್ತೇನು?

ಆಮೇಲೆ ಮಲ್ಟಿಮೀಟರಿನ ಸರದಿ. ಮೇನ್ ಸ್ವಿಚ್ ಆರಿಸಿ, ಕರೆಂಟು ನಿಜಕ್ಕೂ ಇಲ್ಲವೆಂದು ಮೀಟರಿನಲ್ಲೇ ಖಚಿತಪಡಿಸಿಕೊಂಡು ಥರ್ಮಿಸ್ಟರನ್ನು ಬಿಡಿಸಿ ಅಳೆಯುತ್ತಾರೆ. ಸಾಮಾನ್ಯ ಬಗೆಯೊಂದು 25 ಡಿಗ್ರಿಯಲ್ಲಿ 10 ಸಾವಿರ ಓಮ್ ತೋರುತ್ತದೆ. ಬಿಸಿಯಾದಷ್ಟೂ ಅಂಕಿ ಇಳಿಯಬೇಕು. ಬಿಸಿನೀರಿನ ಲೋಟದಲ್ಲಿ ಅದ್ದಿದರೂ ಅಂಕಿ ಕದಲದಿದ್ದರೆ ಬೋರ್ಡು ನಿರಪರಾಧಿ, ಸೆನ್ಸರು ಸತ್ತಿದೆ. 3 ಕಿಲೋವಾಟಿನ ಕಾಯಿಲ್ 230 ವೋಲ್ಟಿನ ಲೆಕ್ಕದಲ್ಲಿ ಸುಮಾರು 18 ಓಮ್ ತೋರಬೇಕು. ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ ಬಿದ್ದರೆ ಮೊದಲ ಅನುಮಾನ ಒಡೆದ ಕಾಯಿಲ್ ಮೇಲೆಯೇ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಬೋರ್ಡು ಆರೋಪಿ. ಕಪ್ಪಾಗಿ ಸಿಡಿದ ವೇರಿಸ್ಟರು ಏಪ್ರಿಲ್–ಮೇ ತಿಂಗಳ ಗುಡುಗು-ಸಿಡಿಲಿನ ಗುರುತಾಗಿರಬಹುದು. ಸಡಿಲ ಟರ್ಮಿನಲ್ ಸುತ್ತ ಕಂದು ಕಲೆ, ಉಬ್ಬಿದ ಕೆಪಾಸಿಟರು, ರಿಲೇ ಸಂದಿಯಲ್ಲಿ ಸತ್ತ ಹಲ್ಲಿ—ಹೌದು, ಹಲ್ಲಿ! ಎರಡು ತಂತಿಗೆ ಅಡ್ಡಬಿದ್ದ ಒಂದು ಹಲ್ಲಿ ಇಡೀ ಬೋರ್ಡನ್ನು ಸುಡಬಲ್ಲದು.

ರಿಲೇ ಕೆಡುವುದರಲ್ಲಿ ಎರಡು ಬಗೆ. ಕೂಡದೇ ಹೋದರೆ ನೀರು ತಣ್ಣಗಿರುತ್ತದೆ, ಅಷ್ಟೇ. ಅದರ ತುದಿಗಳು ಬೆಸೆದುಕೊಂಡರೆ ಕೊಳ್ಳಿ ಎಳೆಯುವವರೇ ಇಲ್ಲದ ಒಲೆ. ಅದಕ್ಕೆಂದೇ 'ಹೈ ಲಿಮಿಟ್' ಎಂಬ ಎರಡನೆಯ ಕಾವಲು. ಈ ತೊಟ್ಟಿಯ ನೀರು 40 ಡಿಗ್ರಿ ಮೀರಬಾರದೆಂಬುದು ರೂಢಿಯಲ್ಲಿರುವ ಮಿತಿ. 'ಇದು ಪದೇ ಪದೇ ಟ್ರಿಪ್ ಆಗುತ್ತದೆ' ಎಂದು ಅಡ್ಡತಂತಿ ಹಾಕಿ ಆ ಕಾವಲನ್ನೇ ತಪ್ಪಿಸುವ, ಇಲ್ಲವೇ ಆರ್‌ಸಿಸಿಬಿಯನ್ನು ತೆಗೆದುಹಾಕುವ 'ರಿಪೇರಿ' ಉಂಟು. ನೀರಿನಲ್ಲಿ ಕೂತ ಮನುಷ್ಯನಿಗೂ 230 ವೋಲ್ಟಿಗೂ ನಡುವೆ ಉಳಿದ ಕೊನೆಯ ತಡೆಯನ್ನು ಕಿತ್ತವನನ್ನು ಮೆಕ್ಯಾನಿಕ್ ಎನ್ನಲಾಗದು. 30 ಮಿಲಿಆಂಪಿಯರ್ ಸೋರಿಕೆಗೇ ಆ ಪುಟ್ಟ ಸ್ವಿಚ್ಚು ಬೀಳುವುದು ಸುಮ್ಮನಲ್ಲ.

ಮಳೆಗಾಲದ ಮಲೆನಾಡಿನಲ್ಲಿ ಬೋರ್ಡಿಗೆ ಇನ್ನೊಂದು ಹಳೆಯ ಶತ್ರುವಿದೆ: ಕಿಲುಬು. ಹಂಡೆಯ ಮೈಗೆ ಹತ್ತಿ ಹುಣಸೆಹಣ್ಣಿನಿಂದ ತಿಕ್ಕಿಸಿಕೊಳ್ಳುತ್ತಿದ್ದ ಅದೇ ಹಸಿರು ಇಲ್ಲಿ ಕೂದಲೆಳೆಯಂಥ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಹುಣಸೆಹಣ್ಣು ಇಲ್ಲಿ ನಡೆಯದು. ಮೆಕ್ಯಾನಿಕ್ ಹಸಿರನ್ನು ಮೆಲ್ಲಗೆ ಕೆರೆದು, ತುಂಡಾದ ಗೆರೆಯ ಎರಡು ತುದಿಗೆ ಸಣ್ಣ ತಂತಿಯಿಟ್ಟು ಬೆಸೆಯುತ್ತಾನೆ. ಬೀದಿಯಲ್ಲಿ ಅಡುಗೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರ ಕೈಯಲ್ಲಿದ್ದ ತವರವೇ ಅವನ ಬೆಸುಗೆಯಲ್ಲೂ ಇದೆ. ಅವರಿಗೆ ನವಸಾಗರ, ಇವನಿಗೆ ರಾಳ. ಮೇಲೆ ಒಂದು ಪದರ ವಾರ್ನಿಶ್ ಬಳಿದು ಒಣಗಿಸಿ, ಹಲ್ಲಿ ನುಗ್ಗಿದ ತೂತಿಗೆ ರಬ್ಬರ್ ಬಿರಡೆ ಒತ್ತಿ, ಪೆಟ್ಟಿಗೆಯ ಮುಚ್ಚಳ ಹಾಕುತ್ತಾನೆ.