ಶಕ್ತಿ, ಯೌವನ ಮತ್ತು ಉಪೇಕ್ಷೆ

ಬುದ್ಧಿ ಬಲಿಯುವ ಮೊದಲೇ ಅಸಾಧಾರಣ ಶಕ್ತಿಯನ್ನು ಪಡೆದ ಬಾಲಕ ಬಾಲಕಿಯರ ಕಥೆಗಳು ಇಪ್ಪತ್ತನೆಯ ಶತಮಾನದಲ್ಲಿ ಜಗತ್ತಿನಾದ್ಯಂತ ಹಬ್ಬಿದವು. ಅವು ಮಕ್ಕಳ ವಿನೋದಕ್ಕಷ್ಟೇ ಸಲ್ಲುವ ವಸ್ತುವೆಂದು ಹಿರಿಯರು ಬದಿಗಿರಿಸುವುದುಂಟು. ಆದರೆ ಅವುಗಳ ಇತಿಹಾಸವನ್ನು ಕ್ರಮವಾಗಿ ಅವಲೋಕಿಸಿದರೆ, ಶಕ್ತಿಯುಳ್ಳವನ ಕರ್ತವ್ಯವೇನು ಎಂಬ ಪ್ರಶ್ನೆ ಅಲ್ಲಿ ಹೇಗೆ ಮೂಡಿತು, ಹೇಗೆ ಆಳವಾಯಿತು ಮತ್ತು ಮುಂದೆ ಹೇಗೆ ಸಡಿಲಗೊಂಡಿತು ಎಂಬುದು ತಿಳಿದುಬರುತ್ತದೆ.

ಈ ಬಗೆಯ ಕಥೆಗಳಿಗೆ ಇಂದಿನ ರೂಪ ಬಂದುದು ಬಹುಮಟ್ಟಿಗೆ ಅಮೆರಿಕದ ಚಿತ್ರಕಥಾ ಪತ್ರಿಕೆಗಳಲ್ಲಿ. 1938ರಲ್ಲಿ ‘ಆಕ್ಷನ್ ಕಾಮಿಕ್ಸ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡನು. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಇನ್ನೂ ತರುಣರಾಗಿದ್ದರು. ಆದರೆ ಅವರ ನಾಯಕ ಪ್ರೌಢನು. 1940ರಲ್ಲಿ ಬಿಲ್ಲಿ ಬ್ಯಾಟ್ಸನ್ ಎಂಬ ಅನಾಥ ಬಾಲಕನ ಕಥೆ ಬಂದಿತು. ಬೀದಿಯಲ್ಲಿ ಪತ್ರಿಕೆ ಮಾರುವ ಈ ಹುಡುಗನು ಒಂದು ಮಂತ್ರಪದವನ್ನು ಉಚ್ಚರಿಸಿದೊಡನೆ ಸಿಡಿಲು ಬಡಿದು, ಅವನು ‘ಕ್ಯಾಪ್ಟನ್ ಮಾರ್ವೆಲ್’ ಎಂಬ ಮಹಾಬಲಶಾಲಿಯಾದ ಪ್ರೌಢನಾಗುತ್ತಾನೆ. 1941ರಲ್ಲಿ ಇದು ಹನ್ನೆರಡು ಕಂತುಗಳ ಚಲನಚಿತ್ರವೂ ಆಯಿತು. ಆ ಮಂತ್ರದಿಂದ ಅವನಿಗೆ ಲಭಿಸುವ ಆರು ವರಗಳಲ್ಲಿ ಮೊದಲನೆಯದು ಸಾಲೊಮನ್ ಅರಸನ ವಿವೇಕ. ಅಂದರೆ ಶಕ್ತಿಯೂ ವಿವೇಕವೂ ಏಕಕಾಲದಲ್ಲಿ ಕೈಸೇರುತ್ತವೆ. ಆದುದರಿಂದ ಬಾಲಕನು ಆ ಶಕ್ತಿಯನ್ನು ಹೇಗೆ ಬಳಸಿಯಾನು ಎಂಬ ಆತಂಕಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

ಈ ಸುಲಭ ಪರಿಹಾರವನ್ನು ಕೈಬಿಟ್ಟ ಕಥೆಯೊಂದು 1962ರ ಆಗಸ್ಟ್ ತಿಂಗಳ ‘ಅಮೇಜಿಂಗ್ ಫ್ಯಾಂಟಸಿ’ ಪತ್ರಿಕೆಯ ಹದಿನೈದನೆಯ ಸಂಚಿಕೆಯಲ್ಲಿ ಪ್ರಕಟವಾಯಿತು. ಸ್ಟಾನ್ ಲೀ ಬರೆದು ಸ್ಟೀವ್ ಡಿಟ್ಕೊ ಚಿತ್ರಿಸಿದ ಸ್ಪೈಡರ್‌ಮ್ಯಾನ್‌ನ ಈ ಮೊದಲ ಕಥೆ ಕೇವಲ ಹನ್ನೊಂದು ಪುಟಗಳದು. ಪೀಟರ್ ಪಾರ್ಕರ್ ಎಂಬ ಪ್ರೌಢಶಾಲಾ ವಿದ್ಯಾರ್ಥಿಯನ್ನು ವಿಕಿರಣಪೂರಿತ ಜೇಡವೊಂದು ಕಚ್ಚುತ್ತದೆ; ಅದರಿಂದ ಅವನಿಗೆ ಗೋಡೆಯೇರುವ ಶಕ್ತಿಯೂ ಅಪಾರ ದೇಹಬಲವೂ ಬರುತ್ತವೆ. ಆದರೆ ವಿವೇಕ ಬರುವುದಿಲ್ಲ. ಅವನು ಮೊದಲಿನ ಹುಡುಗನಾಗಿಯೇ ಉಳಿಯುತ್ತಾನೆ. ಕುಸ್ತಿಯ ಕಣದಲ್ಲಿ ಹಣ ಗಳಿಸುತ್ತಾನೆ. ದೂರದರ್ಶನದಲ್ಲಿ ಪ್ರದರ್ಶನ ನೀಡಿ ಕೀರ್ತಿ ಪಡೆಯುತ್ತಾನೆ.

ಒಂದು ದಿನ ಪ್ರದರ್ಶನ ಮುಗಿದ ಮೇಲೆ ಓಡಿಹೋಗುತ್ತಿದ್ದ ಕಳ್ಳನೊಬ್ಬನನ್ನು ಹಿಡಿಯುವಂತೆ ಕಾವಲುಗಾರನು ಕೂಗಿದರೂ ಪೀಟರ್ ಸುಮ್ಮನೆ ನಿಲ್ಲುತ್ತಾನೆ. ಅದು ತನ್ನ ಕೆಲಸವಲ್ಲವೆಂಬುದು ಅವನ ಉತ್ತರ. ಸಾಕಿ ಸಲಹಿದ ದೊಡ್ಡಪ್ಪ ಮತ್ತು ದೊಡ್ಡಮ್ಮನನ್ನು ಸುಖವಾಗಿಟ್ಟರೆ ಸಾಕು, ಉಳಿದ ಲೋಕ ಏನಾದರೂ ಆಗಲಿ ಎಂಬುದು ಅವನ ನಿಶ್ಚಯ. ಮುಂದೊಂದು ದಿನ ಆ ದೊಡ್ಡಪ್ಪನೇ ಕಳ್ಳನೊಬ್ಬನಿಂದ ಹತನಾಗುತ್ತಾನೆ. ಕೊಲೆಗಾರನನ್ನು ಬೆನ್ನಟ್ಟಿ ಹಿಡಿದ ಪೀಟರ್ ಅವನ ಮುಖವನ್ನು ಕಂಡಾಗ, ಅಂದು ತಾನು ತಡೆಯದೆ ಬಿಟ್ಟವನೇ ಇವನೆಂದು ಅರಿಯುತ್ತಾನೆ. ಸೇಡಿಗಾಗಿ ಅವನನ್ನು ಕೊಲ್ಲದೆ ಪೊಲೀಸರ ವಶಕ್ಕೆ ಸಿಗುವಂತೆ ಮಾಡುತ್ತಾನೆ.

ಈ ಕಥೆಯ ನೈತಿಕ ಸೂಕ್ಷ್ಮ ಗಮನಾರ್ಹವಾದುದು. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂದು ದೋಷವನ್ನು ಮೂರು ಬಗೆಯಾಗಿ ಎಣಿಸುವುದುಂಟು. ಪೀಟರ್ ಈ ಮೂರರಲ್ಲಿ ಯಾವುದನ್ನೂ ಎಸಗಲಿಲ್ಲ. ಅವನದು ಪ್ರಮಾದ; ಎಚ್ಚರವಿರಬೇಕಾದೆಡೆಯಲ್ಲಿ ತೋರಿದ ಉಪೇಕ್ಷೆ. ತನ್ನ ಮನೆಯ ಸುಖವೊಂದೇ ಸಾಕೆಂದು ಪ್ರೀತಿಗೆ ಬೇಲಿ ಹಾಕಿದವನಿಗೆ, ಬೇಲಿಯ ಹೊರಗೆ ಬಿಟ್ಟ ಕೇಡು ಒಳಗೇ ನುಗ್ಗಿತು.

ಅನಂತರದ ದಶಕಗಳಲ್ಲಿ ಇದೇ ಪ್ರಶ್ನೆ ಮತ್ತೊಂದು ದಿಕ್ಕಿಗೆ ಹೊರಳಿತು. 1974ರಲ್ಲಿ ಪ್ರಕಟವಾದ ಸ್ಟೀಫನ್ ಕಿಂಗ್‌ರ ‘ಕ್ಯಾರಿ’ ಕಾದಂಬರಿಯಲ್ಲಿ, ಮುಟ್ಟದೆಯೇ ವಸ್ತುಗಳನ್ನು ಚಲಿಸಬಲ್ಲ ಬಾಲಕಿಯು ಮನೆಯಲ್ಲಿ ತಾಯಿಯ ಕ್ರೌರ್ಯವನ್ನೂ ಶಾಲೆಯಲ್ಲಿ ಸಹಪಾಠಿಗಳ ಅಪಹಾಸ್ಯವನ್ನೂ ಸಹಿಸಿ, ಕೊನೆಗೆ ಎಲ್ಲರನ್ನೂ ಸುಡುವ ಬೆಂಕಿಯಾಗುತ್ತಾಳೆ. ಬ್ರಯಾನ್ ಡಿ ಪಾಮಾ 1976ರಲ್ಲಿ ಇದನ್ನು ಚಲನಚಿತ್ರವಾಗಿಸಿದರು. ಜಪಾನಿನ ಕತ್ಸುಹಿರೊ ಒಟೊಮೊ ತಮ್ಮದೇ ಚಿತ್ರಕಥೆಯನ್ನು ಆಧರಿಸಿ 1988ರಲ್ಲಿ ನಿರ್ದೇಶಿಸಿದ ‘ಅಕಿರಾ’ ಚಿತ್ರದಲ್ಲಿ, ಸೇನೆಯ ಪ್ರಯೋಗಗಳಿಗೆ ಒಳಗಾದ ತೆತ್ಸುವೊ ಎಂಬ ತರುಣನು ಶಕ್ತಿಯನ್ನು ತಾಳಲಾರದೆ ನಗರವನ್ನೇ ನಾಶಕ್ಕೆ ಗುರಿಮಾಡುತ್ತಾನೆ. ಈ ಎರಡು ಕೃತಿಗಳಲ್ಲಿ ಉಪೇಕ್ಷೆಯ ದೋಷ ಸುತ್ತಲಿನವರದು. ಸಕಾಲದಲ್ಲಿ ಕರುಣೆ ತೋರಬೇಕಾದ ಹಿರಿಯರು ತೋರಲಿಲ್ಲ. ಶಕ್ತಿವಂತ ಮಗುವಿನ ಹೊಣೆ ಮಗುವಿನದಷ್ಟೇ ಅಲ್ಲವೆಂಬ ಮಾತನ್ನು ಇವು ಇತಿಹಾಸಕ್ಕೆ ಸೇರಿಸಿದವು.

ಸ್ಪೈಡರ್‌ಮ್ಯಾನ್‌ನ ಕಥೆ ಮುಂದೆ ಬೆಳ್ಳಿತೆರೆಗೆ ಬಂದಾಗ ಎರಡು ಮುಖ್ಯ ಬದಲಾವಣೆಗಳಾದವು. ಶಕ್ತಿ ಹೆಚ್ಚಿದಷ್ಟೂ ಹೊಣೆ ಹೆಚ್ಚುತ್ತದೆಂಬ ಪ್ರಸಿದ್ಧ ನೀತಿಯು 1962ರಲ್ಲಿ ಯಾವ ಪಾತ್ರದ ಬಾಯಲ್ಲೂ ಇರಲಿಲ್ಲ. ಕೊನೆಯ ಚಿತ್ರದಲ್ಲಿ ಕಥೆಗಾರನ ಮಾತಾಗಿ, ನಷ್ಟದ ಬಳಿಕ ಮೂಡಿದ ಅರಿವಾಗಿ ಬಂದಿತ್ತು. ಸ್ಯಾಮ್ ರೈಮಿ ನಿರ್ದೇಶಿಸಿದ 2002ರ ಚಿತ್ರದಲ್ಲಿ ದೊಡ್ಡಪ್ಪನೇ ಅದನ್ನು ಮೊದಲೇ ಬೋಧಿಸುತ್ತಾನೆ. 2021ರ ಚಿತ್ರದಲ್ಲಿ ದೊಡ್ಡಮ್ಮ ಹೇಳುತ್ತಾಳೆ. ಹಿರಿಯರ ಹಿತವಚನವನ್ನು ಕಿರಿಯರು ಕಿವಿಗೆ ಹಾಕಿಕೊಳ್ಳದ ದುಃಖ ಇದರಿಂದ ಕಥೆಗೆ ಕೂಡಿಕೊಂಡಿತು. ಈ ಬದಲಾವಣೆಯನ್ನು ಒಪ್ಪಬಹುದು.

ಎರಡನೆಯದು ವಿಚಾರಾರ್ಹ. 2002ರ ಚಿತ್ರದಲ್ಲಿ ಕುಸ್ತಿಯ ವ್ಯವಸ್ಥಾಪಕನು ಪೀಟರ್‌ಗೆ ಮಾತುಕೊಟ್ಟ ಮೂರು ಸಾವಿರ ಡಾಲರ್‌ಗಳ ಬದಲು ಕೇವಲ ನೂರನ್ನು ಕೊಟ್ಟು ವಂಚಿಸುತ್ತಾನೆ. ಆ ಸಿಟ್ಟಿನಿಂದಲೇ ಪೀಟರ್ ಅವನ ಹಣ ಕದ್ದವನನ್ನು ತಡೆಯುವುದಿಲ್ಲ. 2012ರ ಚಿತ್ರದಲ್ಲಿ ಬಿಡಿಕಾಸು ಕಡಿಮೆಯಾಯಿತೆಂದು ಅಂಗಡಿಯವನು ಹಾಲು ಕೊಡಲು ನಿರಾಕರಿಸಿರುತ್ತಾನೆ. ಅಲ್ಲಿಯೂ ಹಾಗೆಯೇ ನಡೆಯುತ್ತದೆ. ಎರಡೂ ಕಡೆ ಹುಡುಗನಿಗೆ ಒಂದು ನೆಪ ದೊರೆಯಿತು. ಪ್ರೇಕ್ಷಕನಿಗೆ ಅವನ ಮೇಲೆ ಕನಿಕರ ಹುಟ್ಟುತ್ತದೆ. ಆದರೆ ದೋಷವು ಉಪೇಕ್ಷೆಯಿಂದ ಸೇಡಿನ ಕಡೆಗೆ ಜಾರುತ್ತದೆ. ಕ್ರೋಧವು ಕೆಟ್ಟದ್ದೆಂಬ ಪಾಠ ಹಳೆಯದು, ಸುಪರಿಚಿತವಾದುದು. ಯಾರ ಮೇಲೂ ಕ್ರೋಧವಿಲ್ಲದ, ಯಾರಿಗೂ ಕೇಡನ್ನು ಬಯಸದ ಒಳ್ಳೆಯ ಹುಡುಗನೂ ಕೇವಲ ಸುಮ್ಮನಿದ್ದುದರಿಂದ ಅಪರಾಧಿಯಾಗಬಲ್ಲನೆಂಬ 1962ರ ಪಾಠ ಅದಕ್ಕಿಂತ ಕಠಿಣವಾದುದು.

ಮನೆಯಲ್ಲಿ ಮಕ್ಕಳು ಇಂತಹ ಚಿತ್ರಗಳನ್ನು ನೋಡುವಾಗ ಹಿರಿಯರು ಈ ವ್ಯತ್ಯಾಸವನ್ನು ಅವರಿಗೆ ತಿಳಿಸಿಕೊಡುವುದು ಉಚಿತ. ಜೇಡ ಕಚ್ಚಿ ಬಲ ಬರುವುದು ಕಥೆಯಲ್ಲಿ ಮಾತ್ರ. ವಿದ್ಯೆ, ಹಣ, ಅಧಿಕಾರ, ಆರೋಗ್ಯವಂತ ದೇಹ ಇವೆಲ್ಲ ನಿಜಜೀವನದಲ್ಲಿ ಎಳೆಯರ ಕೈಸೇರುವ ಶಕ್ತಿಗಳೇ. ತರಗತಿಯಲ್ಲಿ ದುರ್ಬಲನೊಬ್ಬನನ್ನು ನಾಲ್ವರು ಪೀಡಿಸುವಾಗ ನೋಡುತ್ತ ನಿಂತ ಐದನೆಯವನು ತಾನೇನೂ ಮಾಡಲಿಲ್ಲವೆಂದು ಮನೆಗೆ ಬಂದು ಹೇಳಬಹುದು. ಅವನು ಹೇಳುವುದು ನಿಜ. ಏನೂ ಮಾಡಲಿಲ್ಲವೆಂಬುದನ್ನೇ ಹಿರಿಯರು ಅವನೊಡನೆ ಕುಳಿತು ವಿಚಾರಿಸಬೇಕು.